ಹತ್ತು ಕುರ್ಚಿಯ ಉಡಚಮ್ಮ

ಅಂಜನಕುಮಾರ ಉಡಚಮ್ಮನವರನ್ನು ಮೊದಲು ಕಂಡದ್ದು ದಾವಣಗೆರೆಯ ಅಶೋಕ ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ, ಒಂದು ಸೋಮವಾರ, ಊಟಕ್ಕೆಂದು ಷಟರ್ ಎಳೆಯುವ ಹೊತ್ತಿನಲ್ಲಿ. ಅರ್ಧ ಇಳಿದ ಷಟರಿನ ಕೆಳಗೆ ಮೊದಲು ಒಂದು ಜೊತೆ ಹವಾಯಿ ಚಪ್ಪಲಿ ಕಂಡವು. ಆಮೇಲೆ ಹಸಿರು ವಯರ್ ಬುಟ್ಟಿ. ಕೊನೆಗೆ ತಲೆ ಬಗ್ಗಿಸಿಕೊಂಡು ಒಳಗೆ ನುಗ್ಗಿದ, ನಲವತ್ತು ದಾಟಿದ ಒಬ್ಬ ಹೆಂಗಸು. ಆಕೆ ಬುಟ್ಟಿಯನ್ನು ಕೌಂಟರಿನ ಮೇಲಿಟ್ಟು, ಮೇಲಿದ್ದ ನುಗ್ಗೆಕಾಯಿ ಸರಿಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟೊಂದನ್ನು ಬಿಚ್ಚಿದರು. ಒಳಗೆ ಒಂದು ಮದರ್‌ಬೋರ್ಡ್ ಇತ್ತು. ಸೀರೆಗೆ ಹೊಂದುವ ಫಾಲ್ಸ್ ಹುಡುಕಲು ಸೀರೆಯನ್ನೇ ಅಂಗಡಿಗೆ ತರುವ ಹಾಗೆ ಅವರು ಬೋರ್ಡನ್ನೇ ತಂದಿದ್ದರು.

"ಇದಕ್ಕೆ ಕೂರೋ ಪ್ರೊಸೆಸರ್ ಬೇಕಪ್ಪ. ರೈಜನ್ ಐವತ್ತಾರು ನೂರು. ಹತ್ತು ಕೊಡು."

"ಮಗನಿಗೇನ್ರಿ ಅಕ್ಕಾರ?"

"ಹತ್ತು ಮಕ್ಳನ್ನ ಹೆತ್ತೋಳಂಗೆ ಕಾಣ್ತೀನೇನು ನಾನು? ನಂಗೇ ಬೇಕು. ಹರಿಹರದಾಗ ಗೇಮಿಂಗ್ ರೂಮ್ ಐತೆ. ಆಡ್ಸಾಕೂ ನಾನೇ, ಆಡಾಕೂ ನಾನೇ."

ಅಂಜನಕುಮಾರ ಸಾರಥಿ ಎಂಬ ಹಳ್ಳಿಯವನು. ಅವರ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ಅಂಗಡಿಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಗಿರಾಕಿಗೆ ಸುಳ್ಳು ಹೇಳಬಾರದು ಎಂದುಕೊಂಡಿದ್ದ. ಹೊಸ ಮಾಲನ್ನೇ ಮೊದಲು ತೋರಿಸಬೇಕು ಎಂದು ಮಾಲೀಕರು ಹೇಳಿಕೊಟ್ಟದ್ದನ್ನೂ ಮರೆತಿರಲಿಲ್ಲ.

"ಅದು ಹಿಂದಿನ ಜನರೇಷನ್ನು ಅಕ್ಕಾರ. ಈಗ ಎಲ್ಲಾರೂ ರೈಜನ್ ಎಪ್ಪತ್ತಾರು ನೂರೇ ತಗಂತಾರೆ. ಆಟದಾಗ ಜೋರು ಓಡ್ತದೆ."

"ಜೋರು ಅಂತ ನಂಗೂ ಗೊತ್ತೈತೆ. ಇಲ್ಲ ಅಂದೋರ್ಯಾರು? ಈ ಬೋರ್ಡಿಗೆ ಅದು ಕೂರ್ತದೇನು?"

"ಇಲ್ರಿ. ಬೋರ್ಡು, ರ‍್ಯಾಮು ಎರಡೂ ಹೊಸಾವೇ ಬೇಕು."

"ಹಂಗಾದ್ರೆ ನನ್ನ ಕೈಯಾಗಿರೋ ದುಡ್ಡಿಗೆ ಐದೇ ಮೆಷಿನ್ ಆಗ್ತಾವು. ಹಳೇದಾದ್ರೆ ಹತ್ತೂ ಆಗ್ತಾವು. ಹತ್ತು ಕೊಡು."

ಅಷ್ಟರಲ್ಲಿ ಒಳಗಿನಿಂದ ಮಾಲೀಕ ಶಿವಕುಮಾರ ಬಂದರು. ಊಟದ ಡಬ್ಬಿ ಕೈಯಲ್ಲೇ ಇತ್ತು. "ತಾಯಿ, ಹೊಸಾವು ಐದೇ ತಗಳ್ರಿ. ಉಳಿದಿದ್ದು ಆಮ್ಯಾಲೆ ನೋಡಾಣ. ಗಿರಾಕಿ ಬರೋದು ಹೊಸದು ಅನ್ನೋ ಮಾತಿಗೆ."

"ಸಾವ್ಕಾರ್ರೇ, ನಮ್ಮಲ್ಲಿ ಆಡೋ ಗುಂಡು ಹೊಡೆಯೋ ಆಟಕ್ಕೆ ಆ ಕಡೆ ಐದು ಮಂದಿ, ಈ ಕಡೆ ಐದು ಮಂದಿ. ಒಂದು ಸಾಲಿಗೆ ಹೋಳಿಗೆ, ಒಂದು ಸಾಲಿಗೆ ಬರೀ ಅನ್ನ ಬಡಿಸಿ, ಯಾರು ಚೆಂದಾಗಿ ಉಂಡ್ರು ಅಂತ ಕೇಳ್ಲಾ? ಪಂಕ್ತಿಭೇದ ನಾನು ಮಾಡಲ್ಲ."

ಶಿವಕುಮಾರ ನಕ್ಕರು. ಉಡಚಮ್ಮ ನಗಲಿಲ್ಲ. ಹತ್ತಕ್ಕೂ ಮುಂಗಡ ಕೊಟ್ಟು, ಬೋರ್ಡನ್ನು ಮತ್ತೆ ಸೀರೆಯಲ್ಲಿ ಸುತ್ತಿ, ನುಗ್ಗೆಕಾಯಿ ಮೇಲಿಟ್ಟುಕೊಂಡು ಹೋದರು.

ಪಂಕ್ತಿಭೇದದ ಮಾತು ಅವರ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಅವರು ಹುಟ್ಟಿದ್ದು ಹದಡಿಯಲ್ಲಿ. ಊರಿನ ಮಠದ ದಾಸೋಹದಲ್ಲಿ ಚಿಕ್ಕಂದಿನಿಂದ ಬಡಿಸಿದವರು. ಗೌಡರ ಎಲೆಗಾಗಲಿ ಕೂಲಿಯವನ ಎಲೆಗಾಗಲಿ ಸೌಟು ಒಂದೇ ಅಳತೆಯಲ್ಲಿ ಬಗ್ಗಬೇಕು ಎಂಬುದು ಅಲ್ಲಿನ ಕಟ್ಟುಪಾಡು. ಮದುವೆಯಾಗಿ ಹರಿಹರಕ್ಕೆ ಬಂದರು. ಗಂಡ ಬೇಗ ತೀರಿಕೊಂಡ ಮೇಲೆ ಬಸ್ ನಿಲ್ದಾಣದ ಹಿಂದಿನ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವ ಕೆಲಸಕ್ಕೆ ಸೇರಿದರು. ಜನ ಅರ್ಜಿಗಳನ್ನು ಮೊಬೈಲಿನಲ್ಲೇ ತುಂಬತೊಡಗಿದಾಗ ಅದರ ಮಾಲೀಕ ಸೆಂಟರನ್ನೇ ಕೈಬಿಟ್ಟ. ಉಡಚಮ್ಮ ಆ ಕೋಣೆಯನ್ನು ತಾವೇ ಹಿಡಿದು ಆಟಕ್ಕೆ ತೆರೆದರು. ಮೊದಮೊದಲು ಹತ್ತನೆಯವನು ಬಾರದ ದಿನ ತಾವು ಕೂತರು; ಬರಬರುತ್ತಾ ಹತ್ತನೆಯವನು ಬಂದರೂ ಏಳದಾದರು. "ಸೀರೆ ಉಟ್ಕಂಡು ಗುಂಡು ಹೊಡಿತಾಳೆ" ಎಂದು ಓಣಿಯವರು ಆಡಿಕೊಂಡರೆ, "ನಿಮ್ಮ ಗಂಡುಮಕ್ಳು ಪ್ಯಾಂಟು ಹಾಕ್ಕಂಡು ಗುರಿ ತಪ್ತಾವಲ್ಲ, ಅದಕ್ಕೇನಂತೀರಿ?" ಎನ್ನುತ್ತಿದ್ದರು.

ಈಗ ಅವರಿಗೆ ಎದುರಾಳಿ ಹುಟ್ಟಿದ್ದ. ಎರಡು ಬೀದಿ ಆಚೆ ಕೆಂಪು ದೀಪ ಹಾಕಿದ ಹೊಸ ರೂಮೊಂದು, "ಎಲ್ಲಾ ಹೊಸ ಜನರೇಷನ್" ಎಂಬ ಬೋರ್ಡಿನೊಂದಿಗೆ ಶುರುವಾಗಿತ್ತು. ಅಲ್ಲಿ ಐದೇ ಮೆಷಿನ್. ಆದರೂ ಹುಡುಗರು ಅತ್ತ ಹರಿಯತೊಡಗಿದ್ದರು. ಈ ಹತ್ತು ಪ್ರೊಸೆಸರ್ ಕೈ ಹಿಡಿಯದಿದ್ದರೆ ಉಡಚಮ್ಮನ ರೂಮು ಮುಚ್ಚುವುದೇ ಸೈ ಎಂದು ಅವರ ತಮ್ಮನೂ ಹೇಳಿದ್ದ.

ಮಾಲು ಬಂದ ವಾರ ಉಡಚಮ್ಮ ತಮ್ಮನ ಮಗಳ ಮದುವೆಗೆಂದು ಹದಡಿಗೆ ಹೊರಟಿದ್ದರು. ಬೀಗದ ಕೈ ಅಂಜನಕುಮಾರನಿಗೆ ಕೊಟ್ಟು, ಕೂರಿಸಿಡು ಎಂದರು. ಅವನು ಹರಿಹರದ ಬಸ್ಸು ಹತ್ತುವ ಮುಂಚೆ ಶಿವಕುಮಾರ ಇನ್ನೊಂದು ಡಬ್ಬ ಹೊರಿಸಿದರು: ಹೊಸ ಜನರೇಷನ್ನಿನ ಪೂರಾ ಮೆಷಿನ್, ಜೊತೆಗೆ ಚಿತ್ರ ತಡವರಿಸದೆ ಓಡುವ ವೇಗದ ಪರದೆ.

"ಹತ್ತು ಒಟ್ಟಿಗೆ ತಗಂಡ ಗಿರಾಕಿ. ನಮ್ಮ ಕಡೆಯಿಂದ ಮರ್ಯಾದೆ. ದೊಡ್ಡ ಮನೆ ಊಟದಾಗೆ ಬೀಗರ ಪಂಕ್ತಿ ಅಂತ ಒಂದು ಇರ್ತದಲ್ಲ, ಹಂಗೆ ಇರಲಿ."

ಅಂಜನಕುಮಾರನಿಗೂ ಅದು ಸರಿಯೆನಿಸಿತು. ಅವನ ಊರಿನಲ್ಲಿ ಬೀಗರನ್ನು ಎಲ್ಲರ ಜೊತೆ ಕೂರಿಸಿದರೆ ಜಗಳವೇ ಆಗುತ್ತದೆ. ಮೂಲೆಯ ಹಳೆಯ ಮೆಷಿನ್ ತೆಗೆದು, ಆ ಜಾಗದಲ್ಲಿ ಹೊಸದನ್ನಿಟ್ಟು, ತಂತಿಗಳನ್ನೆಲ್ಲ ಹಿಂದೆ ಅಚ್ಚುಕಟ್ಟಾಗಿ ಕಟ್ಟಿದ. ಉಳಿದ ಒಂಬತ್ತಕ್ಕೂ ಪ್ರೊಸೆಸರ್ ಕೂರಿಸಿದ.

ಭಾನುವಾರ ಎಲ್ಲ ಸರಿ ಇದೆಯೇ ಎಂದು ನೋಡಲು ಅವನು ರೂಮಿನಲ್ಲಿಯೇ ಇದ್ದ. ಬೈಕ್ ಮೆಕ್ಯಾನಿಕ್ ಕೊಟ್ಟೂರೇಶ್, ಅಲ್ಲಿನ ಆಟಗಾರರಲ್ಲೇ ಚುರುಕಿನವನು, ಬಂದವನೇ ಮೂಲೆಯಲ್ಲಿ ಕೂತ. ಸ್ವಲ್ಪ ಹೊತ್ತಿಗೇ ಎದುರು ತಂಡದವರು ಎದ್ದು ನಿಂತರು.

"ಏಳಲೇ ಅಲ್ಲಿಂದ. ಅದ್ರಾಗ ಕೂತು ಹೊಡದ್ರೆ ನಮ್ಮಜ್ಜೀನೂ ಹೊಡಿತಾಳೆ."

"ನಿಮ್ಮಜ್ಜೀನ ಕರ್ಕಂಬಾ ಹೋಗು, ನೋಡಾಣ."

ಒಬ್ಬ ಕುರ್ಚಿ ಎಳೆದ. ಇನ್ನೊಬ್ಬ ಹೆಡ್‌ಫೋನ್ ಕಿತ್ತ. ಅದು ಎರಡು ತುಂಡಾಯಿತು. ಅಂಜನಕುಮಾರ ನಡುವೆ ನಿಂತು "ಬ್ಯಾಡ್ರಪ್ಪ, ಬ್ಯಾಡ್ರಪ್ಪ" ಎನ್ನುತ್ತಿರುವಾಗ ಉಡಚಮ್ಮ ಮದುವೆಯ ರೇಷ್ಮೆ ಸೀರೆಯಲ್ಲೇ ಒಳಗೆ ಬಂದರು. ಅವರ ಕಣ್ಣು ನೇರ ಮೂಲೆಗೆ ಹೋಯಿತು.

"ಇದನ್ನ ಯಾರು ಇಟ್ಟಿದ್ದು?"

"ನಾನೇ ಅಕ್ಕಾರ. ಸಾವ್ಕಾರ್ರು ಮರ್ಯಾದೆಗೆ ಅಂತ ಕೊಟ್ರು."

"ಮರ್ಯಾದೆ ನಂಗೆ ಕೊಟ್ರೋ, ಈ ಮೂಲೆಗೆ ಕೊಟ್ರೋ?"

ಅವರು ಬಗ್ಗಿ ಸ್ವಿಚ್ ಆರಿಸಿದರು. ಕೊಟ್ಟೂರೇಶ್ ಕುರ್ಚಿ ಬಿಡದೆ, "ಅಕ್ಕಾ, ಇದನ್ನ ತೆಗೆದ್ರೆ ನಾನು ಆ ಕಡೆ ಹೋಗ್ತೀನಿ ನೋಡು. ನನ್ನ ಟೀಮೂ ಬರ್ತದೆ" ಎಂದ.

"ಬಾಗ್ಲು ತೆಗ್ದೇ ಐತೆ. ಚಪ್ಲಿ ಮರೀಬ್ಯಾಡ."

ಅವನು ಹೋದ. ಅವನ ಹಿಂದೆ ನಾಲ್ವರೂ ಹೋದರು.

ಮಾರನೆಯ ದಿನ ಉಡಚಮ್ಮ ಆ ಮೆಷಿನ್ನನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಗೆ ಬಂದರು. ಪರದೆಯನ್ನು ಅಂಜನಕುಮಾರ ಹೊತ್ತಿದ್ದ. ಶಿವಕುಮಾರರಿಗೆ ಕಸಿವಿಸಿಯಾಯಿತು.

"ಕೊಟ್ಟಿದ್ದನ್ನ ಯಾಕ ವಾಪಸ್ ತರ್ತೀರಿ ತಾಯಿ? ಇರೋ ಗಿರಾಕಿನೂ ಓಡಿಸ್ತೀರಿ. ಹಿಂಗಾದ್ರೆ ರೂಮು ಮುಚ್ಚೀರಿ."

"ಮುಚ್ಚಿದ್ರೆ ಹತ್ತೂ ಒಟ್ಟಿಗೆ ಮುಚ್ತೀನಿ. ಒಂದು ಮೆಷಿನ್ ಮೆರೆಸಿ, ಒಂಬತ್ತನ್ನ ಕೊಳೆಸಿ ನಡೆಸೋ ರೂಮು ನಂಗೆ ಬ್ಯಾಡ. ಹತ್ತನೇ ಪ್ರೊಸೆಸರ್ ಕೂರ್ಸಾಕೆ ಈ ಹುಡುಗನ್ನ ಕಳಿಸ್ರಿ."

ಅಂಜನಕುಮಾರ ಅದೇ ಸಂಜೆ ಹೋಗಿ ಮೂಲೆಯಲ್ಲಿ ಹಳೆಯ ಮೆಷಿನ್ನನ್ನೇ ಇಟ್ಟು, ಹತ್ತನೆಯ ಪ್ರೊಸೆಸರನ್ನೂ ಕೂರಿಸಿದ.

ಆಮೇಲಿನ ದಿನಗಳು ಸುಲಭದವಾಗಿರಲಿಲ್ಲ. ಕೆಲವು ಸಂಜೆ ನಾಲ್ಕೇ ಕುರ್ಚಿ ತುಂಬುತ್ತಿದ್ದವು. ತಮ್ಮ ಬಂದು ರೂಮು ಮುಚ್ಚುವ ಮಾತನ್ನೇ ಮತ್ತೆ ತೆಗೆದ. ಉಡಚಮ್ಮ ಬೆಳಿಗ್ಗೆ ಅರ್ಜಿ ತುಂಬಿಸುವ ಹಳೆಯ ಕೆಲಸವನ್ನೂ ಶುರು ಮಾಡಿ ಬಾಡಿಗೆ ಕಟ್ಟಿದರು. ಮೂಲೆಯ ಜಾಗದಲ್ಲಿ ಬಿ.ಕಾಂ. ಓದುವ ಕೃತಿಕಾ ಎಂಬ ಹುಡುಗಿ ಕೂತು ಆಡತೊಡಗಿದಳು. ಗಂಡುಹುಡುಗರು ಒಳ್ಳೆಯ ಮೆಷಿನ್ ಬಿಟ್ಟುಕೊಡದ ಕಡೆ ಆಡಿ ಅವಳಿಗೆ ಸಾಕಾಗಿತ್ತು.

ಕೊಟ್ಟೂರೇಶ್‌ನ ತಂಡಕ್ಕೂ ಶಾಮನೂರಿನ ತಂಡಕ್ಕೂ ಪಂದ್ಯ ಗೊತ್ತಾದದ್ದು ಆ ನಡುವೆ. ಕೆಂಪು ದೀಪದ ರೂಮಿನಲ್ಲಿ ಐದು ಮಂದಿಗೆ ಮಾತ್ರ ಜಾಗ. ಶಾಮನೂರಿನವರು ತಮ್ಮ ಮನೆಗಳಿಂದಲೇ ಆನ್‌ಲೈನಿನಲ್ಲಿ ಆಡಿ ಎರಡು ಸಲ ಸೋತರು. ಎರಡು ಸಲವೂ "ನಿಮ್ಮ ಮೆಷಿನ್ ಗೆದ್ದಿದ್ದು, ನೀವಲ್ಲ" ಎಂದರು. ಆ ಮಾತನ್ನು ನುಂಗಲು ಕೊಟ್ಟೂರೇಶ್‌ನಿಂದ ಆಗಲಿಲ್ಲ. ಒಂದು ಭಾನುವಾರ ಎರಡೂ ತಂಡ ಕಟ್ಟಿಕೊಂಡು ಉಡಚಮ್ಮನ ಬಾಗಿಲಿಗೆ ಬಂದು ನಿಂತ.

"ಅಕ್ಕಾ, ಯಾವ ಕುರ್ಚಿ?"

"ಯಾವ್ದಾದ್ರೇನು? ಕೂಡು."

ಪಂದ್ಯ ಬಿಗಿಯಾಗಿಯೇ ನಡೆಯಿತು. ಕೊಟ್ಟೂರೇಶ್ ಗೆದ್ದ. ಸೋತ ತಂಡದ ನಾಯಕ "ನಂದು ಸ್ವಲ್ಪ ಸ್ಲೋ..." ಎಂದು ಬಾಯಿ ತೆಗೆದವನು, ಎಡಗಡೆಯ ಮೆಷಿನ್ ನೋಡಿ, ಬಲಗಡೆಯದನ್ನೂ ನೋಡಿ, ಬಾಯಿ ಮುಚ್ಚಿಕೊಂಡ. ಅಂಜನಕುಮಾರ ಬಾಗಿಲ ಬಳಿ ನಿಂತು ಅದನ್ನು ನೋಡಿದ. ಅಂದಿನಿಂದ ತಕರಾರಿನ ಪಂದ್ಯಗಳೆಲ್ಲ ಅಲ್ಲಿಗೇ ಬರತೊಡಗಿದವು.

ಈಗ ಉಡಚಮ್ಮ ಹರಿಹರದ ಬಸ್ ನಿಲ್ದಾಣದ ಹಿಂದೆ ಅದೇ ರೂಮು ನಡೆಸುತ್ತಾರೆ. ಬೆಳಿಗ್ಗೆ ಅರ್ಜಿ ತುಂಬಿಸುತ್ತಾರೆ, ಮಧ್ಯಾಹ್ನದ ಮೇಲೆ ಆಟಕ್ಕೆ ತೆರೆಯುತ್ತಾರೆ, ಭಾನುವಾರ ಪಂದ್ಯ ಆಡಿಸುತ್ತಾರೆ, ಒಬ್ಬರು ಕಡಿಮೆ ಬಿದ್ದರೆ ತಾವೂ ಆಡುತ್ತಾರೆ.