ಕಟ್ಟಿದ್ರ ಬರ್ತೇನಿ

ನೀಲಾ ಆ ಹಾಡಿನಲ್ಲಿ ‘ಬರ್ತೇನಿ’ ಎಂದು ಒದರಿರಲಿಲ್ಲ. ‘ಹೋಗ್ತೇನಿ’ ಎಂದಿದ್ದಳು. ಆ ಒಂದು ಮಾತನ್ನು ಕತ್ತರಿಸಿ ತೆಗೆದು, ಅಲ್ಲಿ ಇನ್ನೊಂದನ್ನು ಕೂರಿಸಿದವನು ನಾನು — ಆಕೆಯನ್ನು ಕೇಳದೆ, ಯಾರಿಗೂ ಹೇಳದೆ. ಬನಹಟ್ಟಿಯ ಓಣಿಗಳಲ್ಲಿ ಆ ಹಾಡು ಕೇಳಿದವರು ಕೇಳಿದ್ದು ನನ್ನ ಸುಳ್ಳನ್ನು, ಆಕೆಯ ದನಿಯಲ್ಲಿ.

ನಾನು ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡವನು. ಕೋಣೆ ಎಂದರೆ ಗೋಡೆಗೆಲ್ಲ ಹಳೆಯ ಕೌದಿ ಬಡಿದ ಒಂದಿಷ್ಟು ಕತ್ತಲು. ಭಜನೆಯ ಪದ, ಸೀರೆ ಅಂಗಡಿಯ ಜಾಹೀರಾತು, ಚುನಾವಣೆಯ ಕೂಗು — ಇಷ್ಟೇ ನನ್ನ ಸಂಗೀತ. ಸುತ್ತಲೂ ಮಗ್ಗಗಳು, ಅವು ಸುಮ್ಮನಾಗುವುದು ಕರೆಂಟ್ ಹೋದಾಗ. ಊರೆಲ್ಲ ಕರೆಂಟಿನವರನ್ನು ಬೈಯುವ ಹೊತ್ತಿಗೆ ನಾನು ಬ್ಯಾಟರಿ ಹಚ್ಚಿ ಹಾಡು ಹಿಡಿಯುತ್ತಿದ್ದೆ. ಆಗಲೂ ಬ್ಯಾಟರಿ ಮುಗಿದರೆ ಎಂಬ ಚಿಂತೆ. ಕಳವಳವೇ ನನ್ನ ಕುಲಕಸುಬು — ಬೀಗ ಹಾಕಿದೆನೋ ಇಲ್ಲವೋ ಎಂದು ತೇರದಾಳದ ಬಸ್ಸಿನಿಂದ ಅರ್ಧ ದಾರಿಯಲ್ಲಿ ಇಳಿದು ಬಂದವನು.

ನೀಲಾ ಹಿಂದಿನ ಓಣಿಯ ನೇಕಾರರ ಮಗಳು, ಇಪ್ಪತ್ತರ ಹುಡುಗಿ. ಜನ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲ. ತಾನೇ ಬರೆದು ರಾಗ ಕಟ್ಟಿದ ಒಂದು ಹಾಡು, ಎಲ್ಲಿಂದಲೋ ಹೊಂದಿಸಿಕೊಂಡ ಎಲೆಕ್ಟ್ರಿಕ್ ಗಿಟಾರ್ ಹೊತ್ತು ಬಂದಳು. ತಂತಿ ಮುಟ್ಟಿದ್ದೇ ತಡ, ಕಬ್ಬಿನ ಗಾಣಕ್ಕೆ ತಗಡು ಕೊಟ್ಟಂಥ ಸದ್ದು. ಕರೆಂಟ್ ಹೋಗಲಿ, ಕಾಯೋಣ ಎಂದೆ.

“ಮಗ್ಗ ಚಾಲೂ ಇರ್ಲಿ ಕಾಕಾ. ಡ್ರಮ್ಮ ಬ್ಯಾರೆ ಯಾಕ ಬೇಕು?” ಎಂದು ಕಿಟಕಿ ತೆರೆದಳು. ಮಗ್ಗಗಳ ಹೊಡೆತದ ಮೇಲೆ ಗಿಟಾರ್ ಗುಡುಗಿತು. ಅದರ ಮೇಲೆ ಆಕೆ ಒದರಿದಳು:

ಕರದ್ರ ಬರ್ತೇನಿ ಅಂದಿದ್ದೆ —
ಕಟ್ಟಿದ್ರ ಹೋಗ್ತೇನಿ.

ನಮ್ಮಲ್ಲಿ ಸಂತೆಗೆ ಹೊರಟವರೂ ‘ಬರ್ತೇನಿ’ ಎಂದೇ ಹೊಸಿಲು ದಾಟುತ್ತಾರೆ. ‘ಹೋಗ್ತೇನಿ’ ಎಂದರೆ ಮನೆಯ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಹೋಗುವವರು ಸತ್ತವರು ಮಾತ್ರ. ಹುಡುಗಿ ಅದನ್ನು ಮತ್ತೆ ಮತ್ತೆ ಒದರಿದಳು. ನಾಳೆ ಬಾವಿಗೋ ಹೊಳೆಗೋ... ಆಮೇಲೆ ಜನ ನನ್ನ ಕೋಣೆಯ ಕಡೆ ಬೆರಳು ತೋರಿಸಿದರೆ?

ಆಕೆ ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಮೊದಲ ಸಾಲಿನ ‘ಬರ್ತೇನಿ’ ಎತ್ತಿ ಎರಡನೆಯ ಸಾಲಿಗೆ ಅಂಟಿಸಿದೆ. ಸಲೀಸಾಗಿ ಕೂತಿತು. ಕಟ್ಟಿದ್ರ ಬರ್ತೇನಿ.

ಮುಧೋಳದ ಸೋದರಮಾವನಿಗೆ ಆಕೆಯನ್ನು ಕೊಡುವ ಮಾತು ನಡೆದಿತ್ತು. ಆಕೆ ಒಲ್ಲೆ ಎನ್ನುತ್ತಿದ್ದಾಳೆ, ಆ ಹಾಡೇ ಆಕೆಯ ಉತ್ತರ ಎಂಬುದು ನನಗೆ ತಿಳಿದಿರಲಿಲ್ಲ — ಎಂದು ಬರೆಯಹೊರಟಿದ್ದೆ. ತಿಳಿದಿತ್ತು. ಪೂರ್ತಿ ಅಲ್ಲದಿದ್ದರೂ, ಸಾಕಷ್ಟು.

ಆಮೇಲೆ ಮನೆಯವರು ಆಕೆಯ ಫೋನು, ಗಿಟಾರು ಎರಡನ್ನೂ ಕಸಿದುಕೊಂಡರು. ಒಂದು ದಿನ ತಾಯಿಯ ಜೊತೆ ಪಕ್ಕದ ಗಿರಣಿಗೆ ಹಿಟ್ಟು ಬೀಸಿಸಲು ಬಂದವಳು ನನ್ನ ಕಿಟಕಿಗೆ ಬಾಗಿ ಪಿಸುಗುಟ್ಟಿದಳು: “ಹಾಡ ಹೊರಗ ಬಿಟ್ಟುಬಿಡ್ರಿ ಕಾಕಾ. ಎಲ್ಲಾರೂ ಕೇಳಲಿ.” ಮೊದಲಿನದನ್ನೇ ಕೊಡಬಹುದಿತ್ತು. ತಿದ್ದಿದ್ದನ್ನು ಮೊಬೈಲ್ ಅಂಗಡಿಗೆ ಕೊಟ್ಟೆ.

ಹಾಡು ಹಬ್ಬಿತು. ಮಗ್ಗದ ಹುಡುಗರು ಆ ಗುಡುಗಿಗೆ ತಲೆ ಕುಣಿಸಿದರು. ಮುಧೋಳಕ್ಕೂ ಮುಟ್ಟಿತು. “ಒಲ್ಲೆ ಅಂತಾಳ ಅಂತ ಅಂಜಿದ್ವಿ. ತಾಳಿ ಕಟ್ಟಿದ್ರ ಬರ್ತೇನಿ ಅಂತ ಹುಡುಗೀನ ಒದರ್ಯಾಳಲ್ಲೋ” ಎಂದು ಸೋದರಮಾವ ನಗುತ್ತ ತಿರುಗಿದನಂತೆ. ಮದುವೆಯ ಹಂದರದಲ್ಲಿ ಅದನ್ನೇ ಹಚ್ಚಿಸಿದ. ತಿದ್ದಿದ ಹಾಡನ್ನು ನೀಲಾ ಮೊದಲ ಸಲ ಕೇಳಿದ್ದು ಅಲ್ಲಿ, ಬಾಸಿಂಗ ಕಟ್ಟಿಕೊಂಡು. ಜನರ ನಡುವೆ ನನ್ನನ್ನು ಹುಡುಕಿದಳು. ನಾನು ಊಟದ ಪಂಕ್ತಿಗೆ ಎದ್ದು ಹೋದೆ.

ಇಷ್ಟಕ್ಕೇ ಮುಗಿದಿದ್ದರೆ ಅಂಜುಬುರುಕನ ತಪ್ಪು ಎಂದುಕೊಳ್ಳಬಹುದಿತ್ತು. ಮರುವರ್ಷ ಆಕೆ ತವರಿಗೆ ಬಂದು, ತಿರುಗಿ ಹೋಗಲಾರೆ ಎಂದು ಕೂತಳು. ಮೊಣಕೈಗೆ ಅರಿವೆ ಸುತ್ತಿತ್ತು. ಏಕೆಂದು ಯಾರೂ ಕೇಳಲಿಲ್ಲ. ಹಿರಿಯರು ಕೂಡಿದರು, ನನ್ನನ್ನೂ ಕರೆದಿದ್ದರು.

“ನೀನ ಒದರಿದ್ಯಲ್ಲಬೇ, ಕಟ್ಟಿದ್ರ ಬರ್ತೇನಿ ಅಂತ” ಎಂದರು ಒಬ್ಬರು.

“ಅದು ನನ್ನ ಮಾತಲ್ರಿ. ಕಾಕಾನ್ನ ಕೇಳ್ರಿ.”

ಎಲ್ಲರೂ ನನ್ನತ್ತ ತಿರುಗಿದರು. ನಾನು ಸುಳ್ಳು ಹೇಳಲಿಲ್ಲ — ಅದಕ್ಕಿಂತ ಹೀನವಾದದ್ದನ್ನು ಹೇಳಿದೆ.

“ದನಿ ಆಕೀದ ಐತ್ರಿ.”

ಸಂಜೆಯ ಬಸ್ಸಿಗೆ ಆಕೆಯನ್ನು ಮುಧೋಳಕ್ಕೆ ಕಳಿಸಿದರು.

ವರ್ಷಗಳಾದವು. ಹೋದ ತಿಂಗಳು ಮುಧೋಳದ ಆ ಮನೆಯ ಬಾಗಿಲಿಗೆ ಹೋದೆ, ನಡು ಮಧ್ಯಾಹ್ನ. ಹೆಸರು ಹಿಡಿದು ಕೂಗಿದೆ. ಆಕೆ ಹೊರಬಂದು ತುಟಿಗೆ ಬೆರಳಿಟ್ಟಳು. “ಸಣ್ಣಗ ಮಾತಾಡ್ರಿ ಕಾಕಾ. ಮಲಕ್ಕೊಂಡಾರ.” ಮಗ್ಗಗಳ ಸದ್ದನ್ನೇ ಮುಳುಗಿಸಿದ್ದ ಹುಡುಗಿ.

ಸಣ್ಣಗೆ ಎಲ್ಲವನ್ನೂ ಹೇಳಿದೆ. ಆಕೆ ಒಮ್ಮೆ ಒಳಗೆ ನೋಡಿದಳು. “ಅದು ನನಗ ಗೊತ್ತೈತ್ರಿ. ಅವತ್ತ ನಿಮ್ಮನ್ನ ಕೇಳಿದವ್ರಿಗೆ ಹೇಳ್ರಿ” ಎಂದಳು. ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಆ ಹಿರಿಯರಲ್ಲಿ ಇಬ್ಬರು ಇನ್ನೂ ಇದ್ದಾರೆ. ಆಕೆಯ ಅಪ್ಪನೂ ಇದ್ದಾನೆ. ನಾಡಿದ್ದು ಮೂವರನ್ನೂ ನನ್ನ ಕೋಣೆಯಲ್ಲಿ ಕೂರಿಸಿ, ಮೊದಲು ಹಿಡಿದ ಹಾಡನ್ನು ಕೇಳಿಸುತ್ತೇನೆ. ಅವರು ಉಗಿದರೆ ಉಗಿಯಲಿ. ಅಷ್ಟರೊಳಗೆ ಮುಧೋಳದಿಂದ, ಆಕೆ ‘ಹೋದಳು’ ಎಂಬ ಫೋನು ಬಾರದಿರಲಿ.