ಭೋಗಿ ಬೆಂಕಿಗೆ ಹಾಕಿದ ಹಳದಿ ಕಾರ್ಡು

ಇದು ನಡೆದದ್ದು ಹೋದ ವರ್ಷ, ಶ್ರೀನಿವಾಸಪುರದ ಕಡೆ ಮಾವಿನಕಾಯಿ ಬಲಿತು, ಮನೆಮನೆಯಲ್ಲೂ ಉಪ್ಪಿನಕಾಯಿ ಹಾಕುವ ಕಾಲದಲ್ಲಿ. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಬರೆದದ್ದು ವಾರೆಯಾಗಿದ್ದರೆ ನೀವೇ ನೆಟ್ಟಗೆ ಮಾಡಿಕೊಂಡು ಓದಿ. ನನ್ನ ಮೊಮ್ಮಗಳು ಪಾವನಿ ಈಗ ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿದು ತಿನ್ನುತ್ತಿದ್ದಾಳೆ. ಸಿಪ್ಪೆಯನ್ನೆಲ್ಲ ನನ್ನ ಸೆರಗಿಗೇ ಹಾಕುತ್ತಿದ್ದಾಳೆ. ಹಾಕಲಿ. ಅದನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ.

ಪಾವನಿ ನನ್ನ ಮಗಳು ಸುಜಾತಳ ಮಗಳು. ಹುಟ್ಟಿದ ವರ್ಷವೇ ಡಾಕ್ಟರು ತಲಸ್ಸೇಮಿಯಾ ಅಂದರು. ಅವಳ ಮೈಯಲ್ಲಿ ರಕ್ತ ನಿಲ್ಲುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಕೊಡಿಸಬೇಕು. ನಮ್ಮ ರಾಯಲ್ಪಾಡಿನಿಂದ ಬಸ್ಸು ಹತ್ತಿ ಕೋಲಾರದ ಒಂದು ಆಸ್ಪತ್ರೆಗೆ ಹೋಗಿಬರುತ್ತಿದ್ದೆವು. ನಾಲ್ಕು ವರ್ಷದವಳಿದ್ದಾಗ ಒಮ್ಮೆ ರಕ್ತ ಕೊಟ್ಟ ವಾರದಲ್ಲೇ ಕಣ್ಣು ಹಳದಿಯಾಗಿ, ಉಚ್ಚೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಬದುಕಿದ್ದೇ ಹೆಚ್ಚು. ಗುಂಪು ಒಂದೇ ಆದರೂ ಎಲ್ಲರ ರಕ್ತವೂ ಇವಳಿಗೆ ಆಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಯಾವ್ಯಾವ ಬಗೆಯದು ಆಗುವುದಿಲ್ಲ ಎಂದು ಒಂದು ಹಳದಿ ಕಾರ್ಡಿನಲ್ಲಿ ಬರೆದುಕೊಟ್ಟರು.

ಆ ಕಾರ್ಡನ್ನು ನಾನು ಸುಟ್ಟೆ.

ನಮ್ಮ ಕಡೆ ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಬೆಳಗಿನ ಜಾವ ಮನೆ ಮುಂದೆ ಬೆಂಕಿ ಮಾಡಿ ಹಳೇ ಚಾಪೆ, ಮುರಿದ ಮೊರ, ಸವೆದ ಪೊರಕೆ ಎಲ್ಲ ಅದಕ್ಕೆ ಹಾಕುತ್ತೇವೆ. ಮನೆಯ ಪೀಡೆಯೂ ಜೊತೆಗೇ ಹೋಗಲಿ ಎಂದು. ಆಸ್ಪತ್ರೆಯವರು ಆಗಲೇ, ಎಲ್ಲ ಕಂಪ್ಯೂಟರಿಗೆ ಏರಿಸಿದ್ದೇವೆ, ಇನ್ನು ನಂಬರು ಹೇಳಿದರೆ ಸಾಕು ಅಂದಿದ್ದರು. ಕಾಯಿಲೆಯ ಕಾಗದ ಮನೆಯಲ್ಲಿದ್ದರೆ ಕಾಯಿಲೆಯೂ ಮನೆ ಬಿಡುವುದಿಲ್ಲ ಎಂದು ನನ್ನ ತಲೆಗೆ ಹೊಕ್ಕಿತು. ಯಾರಿಗೂ ಹೇಳದೆ ಕಾರ್ಡು, ಹಳೇ ರಿಪೋರ್ಟು ಎಲ್ಲವನ್ನೂ ಚಾಪೆಯೊಳಗೆ ಸುತ್ತಿ ಹಾಕಿದೆ. ಉರಿ ಮೇಲೆದ್ದಾಗ ಕೈ ಮುಗಿದೆ.

ಮೂರು ತಿಂಗಳು ನಂಬರು ಹೇಳಿಯೇ ರಕ್ತ ಕೊಡಿಸಿದೆವು. ಆಮೇಲೆ ಪಾವನಿಗೆ ಜ್ವರ ಬಂತು. ಎರಡೇ ದಿನಕ್ಕೆ ತುಟಿ ಸುಣ್ಣದ ಹಾಗಾಯಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಡಾಕ್ಟರಮ್ಮ ನೋಡಿದವರೇ, ಸಂಜೆಯೊಳಗೆ ರಕ್ತ ಹೋಗಲೇಬೇಕು ಅಂದರು. ರಕ್ತನಿಧಿಯಲ್ಲಿ ಕೇಳಿದರೆ, ಬೆಳಿಗ್ಗೆ ಕರೆಂಟು ಹೋಗಿ ಬಂದಾಗಿನಿಂದ ಕಂಪ್ಯೂಟರಿನಲ್ಲಿ ಯಾರ ದಾಖಲೆಯೂ ತೆರೆಯುತ್ತಿಲ್ಲ ಎಂದರು.

"ಪರವಾಗಿಲ್ಲ, ಆ ಹಳದಿ ಕಾರ್ಡ್ ಕೊಡಿ" ಅಂದರು ಡಾಕ್ಟರಮ್ಮ.

ಸುಜಾತ ಚೀಲವನ್ನೆಲ್ಲ ತಡಕಿದಳು. ನಾನು ಗೋಡೆಗೆ ಒರಗಿ ನಿಂತು ನಿಜ ಹೇಳಿದೆ.

ಡಾಕ್ಟರಮ್ಮ ಬೈಯಲಿಲ್ಲ. "ಹೊಸದಾಗಿ ಪರೀಕ್ಷೆ ಮಾಡ್ತೀವಿ ಅಜ್ಜಿ. ಆದ್ರೆ ಬೇರೆ ರಕ್ತದ ಮೇಲೆ ತಿರುಗಿ ಬೀಳೋ ಹಳೇ ಗುಣ ಮೈಯಲ್ಲೇ ಪರೀಕ್ಷೆಗೆ ಸಿಗದೆ ಅಡಗಿ ಕೂತಿರ್ಬೋದು. ಆಗದೇ ಇರೋ ರಕ್ತ ಹೋದಾಗ ಎದ್ದು ನಿಲ್ಲುತ್ತೆ. ಈ ಸಲ ತಡ್ಕೊಳ್ಳೋ ಶಕ್ತಿ ಮಗೂಗಿಲ್ಲ."

ಸುಜಾತ ನನ್ನ ಮುಖ ನೋಡಲಿಲ್ಲ. "ನೀನು ಇಲ್ಲಿ ನಿಲ್ಬೇಡ ಅಮ್ಮಾ. ಹೋಗು" ಅಂದಳು, ಅಷ್ಟೇ.

ನಾನು ಹೋಗಿ ಕಂಪ್ಯೂಟರ್ ರೂಮಿನ ಮುಂದಿನ ಬೆಂಚಿನಲ್ಲಿ ಕೂತೆ. ಅಲ್ಲಿ ಲಕ್ಕೂರಿನ ಒಬ್ಬ ಹೆಂಗಸು ಮೊದಲೇ ಕೂತಿದ್ದಳು. ಅವಳ ಗಂಡನ ರಕ್ತ ಅವತ್ತು ಬೆಳಿಗ್ಗೆ ಪರೀಕ್ಷೆಯಾಗಿತ್ತಂತೆ, ಆಪರೇಷನ್ನಿಗೆ ಆ ರಿಪೋರ್ಟು ಬೇಕಂತೆ. ಬಾಗಿಲು ತೆರೆದೇ ಇತ್ತು. ಒಳಗೆ ತಬಸ್ಸುಮ್ ಎಂಬ ಹುಡುಗಿ ಫೋನಿನಲ್ಲಿ ತನ್ನ ಮೇಲಿನವರ ಜೊತೆ ಮಾತಾಡುತ್ತಿದ್ದಳು.

"ಪೂರ್ತಿ ವಾಪಸ್ ಹಾಕೋಕೆ ನಾಳೆ ಆಗುತ್ತೆ ಸಾರ್. ಸ್ನ್ಯಾಪ್‌ಶಾಟ್ ಇದೆಯಲ್ಲ, ಅದರೊಳಗಿನ ಡಿಸ್ಕ್ ಇಮೇಜನ್ನೇ ನೇರ ಮೌಂಟ್ ಮಾಡಿ ಓದ್ತೀನಿ."

ಅವಳು ಫೋನಿಟ್ಟ ಮೇಲೆ ನಾನು ಹೊಸ್ತಿಲಲ್ಲೇ ನಿಂತು ಕೇಳಿದೆ, "ಏನಮ್ಮಾ ಅದು? ನನ್ನ ಮೊಮ್ಮಗಳದ್ದು ಸಿಗುತ್ತಾ?"

"ಒಂದೊಂದು ವಿಭಾಗದ್ದೂ ಒಂದೊಂದು ಡಬ್ಬಿ ಇದೆ ಅಂದ್ಕೊಳಿ ಅಜ್ಜಿ. ರಕ್ತನಿಧಿ ಡಬ್ಬಿ ಕೆಟ್ಟಿದೆ. ಆದ್ರೆ ದಿನಾ ಬೆಳಗಿನ ಜಾವ ಎಲ್ಲಾ ಡಬ್ಬಿದೂ ಒಂದು ಅಚ್ಚು ತೆಗೆದು ಬೀಗ ಹಾಕಿರುತ್ತೆ. ಅದನ್ನ ಓದ್ಬೋದು, ಅದರಲ್ಲಿ ಏನೂ ಬರೆಯಂಗಿಲ್ಲ."

"ನಮ್ಮ ಉಪ್ಪಿನಕಾಯಿ ಜಾಡಿ ತರಾ. ಒದ್ದೆ ಕೈ ಹಾಕಂಗಿಲ್ಲ."

"ಹಾಂ, ಅದೇ. ನಮ್ ಸಾರ್‌ಗೂ ಇದನ್ನ ನೀವೇ ಹೇಳಿ" ಎಂದು ನಕ್ಕಳು. ಆ ದಿನ ನಾನು ನೋಡಿದ ನಗು ಅದೊಂದೇ.

ಆಮೇಲೆ ಅವಳೂ ನಗಲಿಲ್ಲ. ಅಚ್ಚು ತೆಗೆಯುವ ಹೊತ್ತಿಗೆ ಯಾರೋ ಆ ಡಬ್ಬಿಯೊಳಗೆ ಏನೋ ಬರೆಯುತ್ತಿದ್ದರಂತೆ. ಅರ್ಧಕ್ಕೆ ನಿಂತದ್ದನ್ನು ಬರೆದು ಮುಗಿಸಿಯೇ ತೆರೆದುಕೊಳ್ಳುತ್ತೇನೆ ಎಂದು ಆ ಅಚ್ಚು ಹಟ ಹಿಡಿದಿತ್ತು. ಬೀಗ ಇದ್ದದ್ದರಿಂದ ಬರೆಯಲೂ ಆಗುತ್ತಿರಲಿಲ್ಲ. ಮತ್ತೆ ಫೋನು ಬಂತು. ತಬಸ್ಸುಮ್ ಹೇಳಿದಳು, "ಬೀಗ ತೆಗೆಯಲ್ಲ ಸಾರ್. ಕೈಗೆ ಸಿಗೋ ಅಚ್ಚು ಉಳಿದಿರೋದು ಇದೊಂದೇ. ಇದೂ ಕೆಟ್ರೆ ಯಾರಿಗೆ ಉತ್ತರ ಕೊಡೋದು?"

ಮಧ್ಯಾಹ್ನ ಕಳೆಯಿತು. ಅವಳ ಟಿಫಿನ್ ಡಬ್ಬಿ ಮುಚ್ಚಿದ ಹಾಗೇ ಇತ್ತು. ಸುಜಾತ ಬಂದು ಬಾಗಿಲಲ್ಲಿ ನಿಂತು, "ಉಸಿರು ಎಳೀತಿದಾಳೆ" ಅಂದು ಹಾಗೇ ತಿರುಗಿ ಹೋದಳು. ನನಗೆ ಭೋಗಿಯ ಬೆಂಕಿ ಕಣ್ಣ ಮುಂದೆ ಬಂತು. ಪೀಡೆ ಹೋಗಲಿ ಎಂದು ಕೈ ಮುಗಿದಿದ್ದೆನಲ್ಲ, ಆ ಪೀಡೆ ನಾನೇ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ತಬಸ್ಸುಮ್ ಕರೆದಳು. "ಅಜ್ಜಿ, ಜಾಡಿ ಮೇಲೆ ಒಂದು ಖಾಲಿ ಬಟ್ಟಲು ಇಟ್ಟಂಗೆ ಮಾಡಿದೀನಿ. ಅದು ಬರೆಯೋದೆಲ್ಲ ಬಟ್ಟಲಿಗೆ ಹೋಗುತ್ತೆ, ಜಾಡಿಗೆ ತಾಗಲ್ಲ. ತೆರೀತು. ಹೆಸರು ಹೇಳಿ."

"ಪಾವನಿ."

"ಹನ್ನೊಂದು ಜನ ಪಾವನಿ ಇದಾರೆ. ನಂಬರ್?"

ಎಷ್ಟೋ ವರ್ಷದಿಂದ ಕೌಂಟರಿನಲ್ಲಿ ಹೇಳುತ್ತಿದ್ದ ನಂಬರು. ಇಂಗ್ಲಿಷ್ ಓದಲು ಬಾರದ ನಾನು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಹೇಳಿದೆ. ಒಂದೇ ಕಾಗದ ಹೊರಗೆ ಬಂತು. ಅದನ್ನು ನನ್ನ ಕೈಗೆ ಕೊಡದೆ, ಬಿಟ್ಟ ಚಪ್ಪಲಿಯನ್ನೂ ಮೆಟ್ಟದೆ, ಅವಳೇ ರಕ್ತನಿಧಿಗೆ ಓಡಿದಳು. ನಾನು ಹಿಂದೆ ಓಡಿದೆ.

ಹೊಸ ಪರೀಕ್ಷೆಯಲ್ಲಿ ಆಗದ ಬಗೆ ಒಂದೇ ಕಂಡಿತ್ತು. ಕಾಗದದಲ್ಲಿ ಎರಡು ಇದ್ದವು. ಪಾವನಿಗೆಂದು ಆರಿಸಿ ಮೇಜಿನ ಮೇಲೆ ಇಟ್ಟಿದ್ದ ಚೀಲದ ರಕ್ತವನ್ನು ಮತ್ತೆ ಪರೀಕ್ಷಿಸಿದರು. ಅದರಲ್ಲಿ ಆ ಎರಡನೆಯದು ಇತ್ತು. ಡಾಕ್ಟರಮ್ಮ ಆ ಚೀಲವನ್ನು ಪಕ್ಕಕ್ಕೆ ಸರಿಸಿದರು. ಬೇರೆ ರಕ್ತ ಹುಡುಕಿ ಏರಿಸುವಾಗ ಐದು ಗಂಟೆ ದಾಟಿತ್ತು. ಕತ್ತಲಾಗುವ ಹೊತ್ತಿಗೆ ಮಗುವಿನ ತುಟಿಗೆ ಬಣ್ಣ ಬಂತು. "ಅಮ್ಮಮ್ಮ, ಹಸಿವು" ಅಂದಳು. ಆ ಒಂದು ಮಾತಿಗೆ ನಾನು ಊರಿಗೆಲ್ಲ ಹೋಳಿಗೆ ಹಾಕಿಸಿದರೂ ಸಾಲದು.

ತಬಸ್ಸುಮಳಿಗೆ ಹೇಳಿಬರೋಣ ಎಂದು ಕೆಳಗೆ ಹೋದೆ. ಅವಳು ಲಕ್ಕೂರಿನ ಹೆಂಗಸಿಗೆ ಹೇಳುತ್ತಿದ್ದಳು, "ಅಚ್ಚು ತೆಗೆದಮೇಲೆ ಬರೆದಿದ್ದು ಇದರಲ್ಲಿಲ್ಲ ಅಕ್ಕ. ಮತ್ತೆ ರಕ್ತ ಕೊಟ್ಟು ಪರೀಕ್ಷೆ ಮಾಡಿಸ್ಬೇಕು." ಆ ಹೆಂಗಸು ಸೆರಗು ಬಿಗಿದುಕೊಂಡು ಎದ್ದು ಹೋದಳು. ನನ್ನ ಸಂತೋಷದಲ್ಲಿ ನಾನು ಅವಳ ಹೆಸರು ಕೂಡ ಕೇಳಲಿಲ್ಲ. ಅವಳ ಗಂಡ ಏನಾದನೋ. ಇವತ್ತಿಗೂ ಪಾವನಿ ನಕ್ಕಾಗ ಒಂದೊಂದು ಸಲ ಆ ಬೆಂಚು ನೆನಪಾಗುತ್ತದೆ.

ಸುಜಾತ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಬಿಡಬೇಕಾದ್ದೇ. ಈಗ ಹೊಸ ಕಾರ್ಡು ಮಾಡಿಸಿದ್ದೇವೆ. ಒಂದು ಅವಳ ಚೀಲದಲ್ಲಿ, ಒಂದು ನನ್ನ ಅಕ್ಕಿ ಡಬ್ಬಿಯಲ್ಲಿ, ಒಂದು ಮಗುವಿನ ಸ್ಕೂಲಿನಲ್ಲಿದೆ.

ಈ ವರ್ಷದ ಭೋಗಿಗೆ ನಾನು ಹಳೇ ಪೊರಕೆ ಹಿಡಿದು ಬೆಂಕಿಯ ಹತ್ತಿರ ಹೋದರೆ, ಪಾವನಿ ಅಡ್ಡ ನಿಂತಳು.

"ಅಮ್ಮಮ್ಮ, ಕೈ ತೋರ್ಸು. ಎರಡೂ. ಸೆರಗೂ ಒದರು."

ಸುಜಾತ ಹಿಂದಿನಿಂದ, "ಸರಿಯಾಗಿ ನೋಡು ಕಣೇ" ಅಂದಳು. ನಾನು ಎರಡೂ ಕೈ ತೋರಿಸಿ ಸೆರಗು ಒದರಿದೆ. ಹಿಂದಿನ ದಿನ ಅವಳೇ ಹಾಕಿದ್ದ ಕಡಲೆಕಾಯಿ ಸಿಪ್ಪೆ ನಾಲ್ಕು ಬೆಂಕಿಗೆ ಉದುರಿದವು. ಈ ಸಲ ನಾನು ಬೆಂಕಿಗೆ ಕೈ ಮುಗಿಯಲಿಲ್ಲ, ಅವಳ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು.