ಮೂರನೆಯ ಕ್ಯಾಸೆಟ್ಟಿನ ಕೊನೆಯ ಹಾಡು

ದೆವ್ವ, ಭೂತ ಅಂತ ಯಾರಾದರೂ ಮಾತು ಶುರುಮಾಡಿದರೆ ಎದ್ದು ಹೋಗುವವನು ನಾನು. ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯ ಗುಮಾಸ್ತರಿದ್ದರು. ಒಂದು ಅಮಾವಾಸ್ಯೆ ದಿನ ಮಾಗಡಿ ರಸ್ತೆಯಲ್ಲಿ ತಮ್ಮ ಸ್ಕೂಟರ್ ತಾನಾಗಿಯೇ ನಿಂತುಬಿಟ್ಟ ಕಥೆಯನ್ನು ಊಟದ ಡಬ್ಬಿ ತೆರೆದಾಗಲೆಲ್ಲ ಹೇಳುತ್ತಿದ್ದರು. ಪೆಟ್ರೋಲ್ ಇತ್ತಾ ಸಾರ್ ಅಂತ ನಾನು ಪ್ರತಿಸಲವೂ ಕೇಳುತ್ತಿದ್ದೆ. ಪಾಪ, ಈಗ ಅವರಿಲ್ಲ. ಇದ್ದಿದ್ದರೆ ನಾನು ಬರೆಯುತ್ತಿರುವುದನ್ನು ಓದಿ ಚೆನ್ನಾಗಿ ನಗುತ್ತಿದ್ದರು. ನೀವೂ ನಗಬಹುದು. ಪೂರ್ತಿ ಓದಿ ಆಮೇಲೆ ನಗಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಎಂಬತ್ತರ ದಶಕದ ನಡುವಿನ ವರ್ಷಗಳು. ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಟೆರೇಸಿನ ಮೇಲೆ ಒಂದು ಸಣ್ಣ ರೂಮಿತ್ತು. ಅದರಲ್ಲಿ ಒಂದು ಕಬ್ಬಿಣದ ಮಂಚ, ಒಂದು ಮರದ ಕುರ್ಚಿ, ನನ್ನ ಟೇಪ್ ರೆಕಾರ್ಡರ್. ಭಾನುವಾರಗಳಂದು ನಾವು ಮೂವರು ಅಲ್ಲಿ ಸೇರುತ್ತಿದ್ದೆವು. ನಾನು ಗುಮಾಸ್ತ. ಶ್ರೀಕಂಠ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಎಲೆಕ್ಟ್ರಿಷಿಯನ್. ಮೋಹನ ನಾಯಂಡಹಳ್ಳಿಯ ಒಂದು ಲಾರಿ ವರ್ಕ್‌ಶಾಪಿನಲ್ಲಿ ಫಿಟ್ಟರ್. ವಿಜಯನಗರದ ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ. ಹೈಸ್ಕೂಲಿನಿಂದ ಒಟ್ಟಿಗಿದ್ದವರು. ಆದರೆ ಕೆಲಸಕ್ಕೆ ಸೇರಿದ ಮೇಲೂ ನಮ್ಮನ್ನು ಬಿಡದೆ ಕಟ್ಟಿಹಾಕಿದ್ದವನು ಒಬ್ಬ ವಿದೇಶಿ ರಾಕ್ ಗಾಯಕ.

ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಯಾರದು ಅಂತೀರಿ, ಇನ್ನರ್ಧ ಜನ ನನ್ನ ಜೊತೆ ವಾದಕ್ಕೆ ಬರುತ್ತೀರಿ. ವಯಸ್ಸಿನಲ್ಲಿ ನಮ್ಮ ಅಪ್ಪಂದಿರ ಸಮಕ್ಕಿದ್ದ. ನಾವು ಅವನನ್ನು 'ಯಜಮಾನ್ರು' ಎಂದು ಕರೆಯುತ್ತಿದ್ದೆವು. ಯಜಮಾನ್ರು ವೇದಿಕೆ ಹತ್ತಿದರೆ ಮೂರೂವರೆ ಗಂಟೆ, ಕೆಲವು ಸಲ ನಾಲ್ಕು ಗಂಟೆ ಇಳಿಯುತ್ತಿರಲಿಲ್ಲ. ಅವನ ಜೊತೆ ಬಾರಿಸುವ ಹುಡುಗರೇ ಸುಸ್ತಾಗುತ್ತಿದ್ದರಂತೆ. ಅಂಗಡಿಯಲ್ಲಿ ಸಿಗುವ ಅವನ ಹಾಡುಗಳು ನಮಗೆ ಅಷ್ಟಕ್ಕಷ್ಟೆ. ಜನರ ಗದ್ದಲ, ತಂತಿ ಶ್ರುತಿ ಮಾಡುವ ಸದ್ದು, ಒಂದೊಂದು ಊರಿನಲ್ಲಿ ಒಂದೊಂದು ಥರ ಉದ್ದವಾಗುವ ಅದೇ ಹಾಡು, ಇದೆಲ್ಲ ಬೇಕಿತ್ತು ನಮಗೆ. ಯಾವ ಊರಿನಲ್ಲಿ ಎಷ್ಟು ಹೊತ್ತು ಹಾಡಿದ, ಯಾವ ಹಾಡಾದ ಮೇಲೆ ಯಾವುದು ಬಂತು ಎಂದು ಶ್ರೀಕಂಠ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಅರ್ಥವಾಗದ ಇಂಗ್ಲಿಷ್ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕೂಗುತ್ತಿದ್ದೆವು. ಅಮ್ಮ ಕಾಫಿ ತಂದವಳು, ನಿಮ್ಮ ಯಜಮಾನರಿಗೆ ಇನ್ನೂ ಗಂಟಲು ಒಣಗಿಲ್ಲವಾ ಎಂದು ಕೇಳಿ ಹೋಗುತ್ತಿದ್ದಳು.

ನಮ್ಮೊಳಗೆ ಎಲ್ಲರಿಗಿಂತ ಹುಚ್ಚು ಮೋಹನನಿಗೆ. "ಟೈಮಾಯ್ತು ಅಂತ ಸ್ಪ್ಯಾನರ್ ಕೆಳಗಿಡೋನಲ್ಲ ಕಣೋ ಅವನು. ಕೆಲಸ ಮುಗಿದ್ ಮೇಲೇ ಮನೆಗ್ ಹೋಗೋದು," ಎನ್ನುತ್ತಿದ್ದ. ಅವನ ಪ್ರಕಾರ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಈ ಕಛೇರಿಗಳ ಕ್ಯಾಸೆಟ್ಟುಗಳು ಮುಂಬೈಯಲ್ಲಿದ್ದ, ನಾವು ಒಮ್ಮೆಯೂ ಮುಖ ನೋಡದ ಒಬ್ಬ ಅಭಿಮಾನಿಯಿಂದ ನನ್ನ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತಿದ್ದವು. ನಾವು ನಕಲು ಮಾಡಿಕೊಂಡು ಹದಿನೈದು ದಿನದೊಳಗೆ ಮದರಾಸಿನ ಇನ್ನೊಬ್ಬನಿಗೆ ಕಳಿಸಬೇಕು. ನನ್ನ ಟೇಪ್ ರೆಕಾರ್ಡರಿಗೆ ತಂತಿ ಸಿಕ್ಕಿಸುವ ತೂತೇ ಇರಲಿಲ್ಲವಾದ್ದರಿಂದ ನಕಲು ಮಾಡುವ ನಮ್ಮ ಕ್ರಮ ಹೀಗಿತ್ತು: ಮಂಚದ ಮೇಲೆ ನನ್ನದನ್ನೂ ಶ್ರೀಕಂಠನದನ್ನೂ ಎದುರುಬದುರು ಇಡುವುದು, ಕಿಟಕಿ ಬಾಗಿಲು ಹಾಕುವುದು, ಒಂದರಲ್ಲಿ ಹಾಡು, ಇನ್ನೊಂದರಲ್ಲಿ ರೆಕಾರ್ಡಿಂಗ್. ರೂಮಿನಲ್ಲಾಗುವ ಸದ್ದೆಲ್ಲ ಒಳಗೆ ಹೋಗುತ್ತದೆ. ಹಾಗಾಗಿ ಮೂರೂ ಜನ ಕೆಮ್ಮು ನುಂಗಿಕೊಂಡು ಕೂರಬೇಕು. ಶ್ರೀಕಂಠ, ನಾನು ಕೂರುತ್ತಿದ್ದೆವು. ಮೋಹನನ ಕೈಲಿ ಆಗುತ್ತಿರಲಿಲ್ಲ. ಮೈ ಉಷ್ಣಕ್ಕೆ ಒಳ್ಳೆಯದೆಂದು ಅವರಮ್ಮ ತೊಡಿಸಿದ್ದ ತಾಮ್ರದ ಉಂಗುರವೊಂದು ಅವನ ಬೆರಳಲ್ಲಿತ್ತು. ಮಂಚದ ಕಾಲ್ದೆಸೆಯಲ್ಲಿ ಕೂತು, ತನಗೇ ತಿಳಿಯದೆ, ಆ ಉಂಗುರದಿಂದ ಕಂಬಿಯ ಮೇಲೆ ತಾಳ ಹಾಕುತ್ತಿದ್ದ. ಅದೂ ಸರಿಯಾಗಿ ಅಲ್ಲ, ಕೂದಲೆಳೆಯಷ್ಟು ತಡವಾಗಿ. ನಮ್ಮ ನಕಲುಗಳಲ್ಲೆಲ್ಲ ಅವನ ಟಿಂಗ್ ಟಿಂಗ್ ಇದ್ದೇ ಇತ್ತು. ಕೊನೆಯ ಹಾಡು ಮುಗಿದ ಕೂಡಲೇ ಕಂಬಿಯ ಮೇಲೆ ಎರಡು ಸಲ ಜೋರಾಗಿ ಬಡಿಯುತ್ತಿದ್ದ. ಇನ್ನೊಂದ್ಸಲ ಹಾಕು ಅಂತ ಅರ್ಥ. ಎಷ್ಟೇ ಹೊತ್ತಾಗಿದ್ದರೂ ಹಾಕುತ್ತಿದ್ದೆವು.

ಆ ವರ್ಷ ಮುಂಬೈಯವನು ಒಂದು ದೊಡ್ಡ ಕಛೇರಿಯ ಸುದ್ದಿ ಬರೆದ. ನಾಲ್ಕು ಗಂಟೆಗೆ ಹತ್ತಿರದ್ದು, ಮೂರು ಕ್ಯಾಸೆಟ್ಟು. ಎರಡನ್ನು ಕಳಿಸಿದ, ಮೂರನೆಯದು ಬೇರೆಯವರ ಕೈಲಿದೆ, ಬಂದ ಮೇಲೆ ಕಳಿಸುತ್ತೇನೆ ಎಂದ. ಎರಡನ್ನು ಕೇಳಿ ಮುಗಿಸಿದ ಸಂಜೆ ನಾವು ಮೂವರೂ ಮಂಚದ ಅಂಚಿನಲ್ಲಿ ಬಾಯಿಬಿಟ್ಟುಕೊಂಡು ಕೂತಿದ್ದೆವು. ಮೂರನೆಯದು ಬಂದ ದಿನ ಯಾರೂ ಮುಟ್ಟಬಾರದು, ಒಟ್ಟಿಗೇ ಕೇಳಬೇಕು ಎಂದು ಮೋಹನ ಮಾತು ತೆಗೆದುಕೊಂಡ. ನಾನೂ ಕೊಟ್ಟೆ. ಎರಡು ತಿಂಗಳು ಅವನಿಗೆ ಬೇರೆ ಮಾತಿಲ್ಲ.

ಮೂರನೆಯ ಕ್ಯಾಸೆಟ್ಟು ಒಂದು ಸೋಮವಾರ ಬಂತು. ನಾನು ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಮೊದಲು ನಾನೊಬ್ಬನೇ ಕೇಳಬೇಕು ಅನ್ನಿಸಿತು, ಅಷ್ಟೆ. ಭಾನುವಾರ ಏನೂ ಗೊತ್ತಿಲ್ಲದವನ ಹಾಗೆ ಅವರ ಜೊತೆ ಕೂತು ಇನ್ನೊಂದು ಸಲ ಕೇಳಿದರಾಯಿತು ಅಂದುಕೊಂಡೆ. ಅದರ ಕೊನೆಯ ಹಾಡಿನಲ್ಲಿ ಒಂದು ಮೋಸವಿತ್ತು. ಹಾಡು ಏರಿ ಏರಿ ಹೋಗಿ ಒಂದು ಕಡೆ ಪೂರ್ತಿ ನಿಂತುಬಿಡುತ್ತದೆ. ಮುಗಿಯಿತು ಅಂತ ಜನ ಕೂಗುತ್ತಾರೆ. ನಾನೂ ಮೊದಲ ಸಲ ನಿಲ್ಲಿಸಲು ಎದ್ದಿದ್ದೆ. ಆಗ ಯಜಮಾನ್ರ ಗಿಟಾರೊಂದೇ ಮತ್ತೆ ಶುರುವಾಗಿ, ಇನ್ನೂ ಐದು ನಿಮಿಷ ಹಾಡು ನಡೆಯುತ್ತದೆ. ಮೋಹನ ಇಲ್ಲಿ ಹೇಗೆ ಬೇಸ್ತು ಬೀಳುತ್ತಾನೆ ನೋಡಬೇಕು ಎಂದು ಒಬ್ಬನೇ ನಕ್ಕೆ. ಆ ವಾರ ಆ ಹಾಡನ್ನು ದಿನವೂ ಕೇಳಿದೆ.

ಗುರುವಾರ ಸಂಜೆ ವಿಜಯನಗರದ ಬಸ್ ಸ್ಟಾಪಿನಲ್ಲಿ ಅವನು ಸಿಕ್ಕ. ಸೈಕಲ್ ಇಳಿಯದೆ, ಒಂದು ಕಾಲು ನೆಲಕ್ಕೂರಿ ಕೇಳಿದ.

"ಬಂತೇನೋ?"

"ಇನ್ನೂ ಇಲ್ಲ ಕಣೋ," ಅಂದೆ.

ಅವನು ಮುಂಬೈಯವನನ್ನು ಪ್ರೀತಿಯಿಂದ ಬೈದು ಹೊರಟ. ಶನಿವಾರ ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ, ವರ್ಕ್‌ಶಾಪಿಗೆ ಇನ್ನೇನು ತಿರುಗಬೇಕು ಅನ್ನುವಲ್ಲಿ, ಲಾರಿಯೊಂದು ಅವನ ಸೈಕಲ್ಲಿಗೆ ಬಡಿಯಿತು. ನಾವು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಆ ಉಂಗುರವನ್ನು ಅವರಮ್ಮ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

ಮದರಾಸಿಗೆ ಕಳಿಸುವ ಗಡುವು ಬಂದೇಬಂತು. ಮಧ್ಯಾಹ್ನದ ಮೇಲೆ ರಜೆ ಹಾಕಿ ಮನೆಗೆ ಬಂದೆ. ಅಮ್ಮ ಅಕ್ಕನ ಮನೆಗೆ ಹೋಗಿದ್ದಳು. ಶ್ರೀಕಂಠನ ಟೇಪ್ ರೆಕಾರ್ಡರ್ ನಮ್ಮ ಮನೆಯಲ್ಲೇ ಉಳಿದಿತ್ತು. ಎರಡನ್ನೂ ಎದುರುಬದುರು ಇಟ್ಟೆ, ಹೊಸ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಹಾಕಿದೆ, ಚಿಲಕ ಹಾಕಿಕೊಂಡು ಕುರ್ಚಿಯಲ್ಲಿ ಕೂತೆ. ಸೆಕೆ ವಿಪರೀತ. ಮಂಚದ ಕಾಲ್ದೆಸೆಯ ಕಡೆ ನೋಡಬಾರದೆಂದು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದೆ. ಏನೂ ಆಗಲಿಲ್ಲ. ಯಾವ ಸದ್ದೂ ಕೇಳಲಿಲ್ಲ, ಮೈ ಜುಮ್ಮೆನ್ನಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಕೊನೆಯ ಹಾಡು ಮುಗಿಯಿತು, ಎದ್ದೆ, ನಿಲ್ಲಿಸಿದೆ. ಮೂಲವನ್ನು ಮರುದಿನ ಅಂಚೆಗೆ ಹಾಕಿದೆ. ನಕಲನ್ನು ಕೇಳದೆ ಪೆಟ್ಟಿಗೆಯಲ್ಲಿಟ್ಟೆ.

ತಿಂಗಳಾದ ಮೇಲೆ ಒಂದು ಭಾನುವಾರ ಶ್ರೀಕಂಠ ಬಂದ. ಮೂರನೆಯದು ಬಂತಾ ಎಂದು ಕೇಳಿದ. ಬಂತು, ನಕಲು ಮಾಡಿಟ್ಟಿದ್ದೇನೆ ಅಂದೆ. ಯಾವಾಗ ಬಂತೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹಾಕಿದೆ. ಮೊದಲ ಹಾಡು ಶುರುವಾಗಿ ಅರ್ಧ ನಿಮಿಷವಾಗಿತ್ತೋ ಇಲ್ಲವೋ, ಕಬ್ಬಿಣದ ಮೇಲೆ ಟಿಂಗ್ ಎಂದಿತು. ಮತ್ತೆ ಟಿಂಗ್. ಕೂದಲೆಳೆಯಷ್ಟು ತಡವಾಗಿ.

ನಾನು ಶ್ರೀಕಂಠನ ಕಡೆ ನೋಡಿದೆ. ಅವನು ಮಂಚದ ಕಂಬಿ ನೋಡುತ್ತಿದ್ದ. ರೂಮಿನಲ್ಲಿ ನಾವಿಬ್ಬರೇ, ನಾಲ್ಕು ಕೈಯೂ ಮಡಿಲಲ್ಲಿದ್ದವು. ಕ್ಯಾಸೆಟ್ಟಿನ ಎರಡೂ ಬದಿ, ಹಾಡು ಹಾಡಿಗೂ ಆ ತಾಳವಿತ್ತು. ಕೊನೆಯ ಹಾಡು ಬಂತು. ಏರಿತು, ನಿಂತಿತು. ಜನ ಕೂಗಿದರು. ಆಗ ಕಂಬಿಯ ಮೇಲೆ ಜೋರಾಗಿ ಎರಡು ಬಡಿತ. ಇನ್ನೊಂದ್ಸಲ ಹಾಕು. ಅಷ್ಟರಲ್ಲಿ ಗಿಟಾರ್ ಮತ್ತೆ ಶುರುವಾಯಿತು. ಟಿಂಗ್ ಟಿಂಗ್ ಗಾಬರಿಬಿದ್ದು ಓಡಿಬಂದು ಹಾಡನ್ನು ಸೇರಿಕೊಂಡಿತು.

ಶ್ರೀಕಂಠ ನಕ್ಕುಬಿಟ್ಟ. ನಗುತ್ತಲೇ ಕಣ್ಣೊರೆಸಿಕೊಂಡ. "ಬೇಸ್ತು ಬಿದ್ದ ನೋಡು ನನ್ ಮಗ," ಅಂದ. ಆಮೇಲೆ ಅವನ ಮುಖ ಬದಲಾಯಿತು. "ಹಂಗಾದ್ರೆ ಅವನಿದ್ದಾಗ್ಲೇ ಬಂದಿತ್ತು. ನನ್ನ ಬಿಟ್ಟು ನೀವಿಬ್ರೇ ಕೇಳಿದ್ರಾ?"

ನಾನು ಏನು ಹೇಳಬಹುದಿತ್ತು ಯೋಚನೆ ಮಾಡಿ. ನಿಜ ಹೇಳಿದರೆ ಅವನಿಗೆ ಎರಡು ಸಂಗತಿ ಹೇಳಬೇಕು. ಮೋಹನ ಸತ್ತ ಮೇಲೆ ಮಾಡಿದ ರೆಕಾರ್ಡಿಂಗ್ ಇದು ಅನ್ನುವುದು ಒಂದು. ಬದುಕಿದ್ದಾಗ ಕೇಳಿದವನಿಗೆ ಇಲ್ಲ ಅಂದೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಅವನು ನಂಬುತ್ತಿರಲಿಲ್ಲ. ಎರಡನೆಯದನ್ನು ತಕ್ಷಣ ನಂಬುತ್ತಿದ್ದ. ನಾನು ಹೂಂ ಅಂದೆ.

"ಹೋಗ್ಲಿ ಬಿಡು," ಅಂದ ಶ್ರೀಕಂಠ. "ಅವನಾದ್ರೂ ಪೂರ್ತಿ ಕೇಳ್ದ."

ನಾನು ಅನುಮಾನಪಡದೆ ಬಿಟ್ಟವನಲ್ಲ. ಹಳೆಯ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಮಾಡಿದ್ದರೆ ಹಿಂದಿನ ಸದ್ದು ಉಳಿದಿರಬಹುದಿತ್ತು. ಅದು ನಾನೇ ಹಾಳೆ ಬಿಚ್ಚಿದ ಹೊಸದು. ಮೂಲದಲ್ಲೇ ಆ ಸದ್ದಿತ್ತೇ ಎಂದರೆ, ವಾರವಿಡೀ ಕೇಳಿದವನು ನಾನು, ಇರಲಿಲ್ಲ. ನಾನೇ ಮೈಮರೆತು ಕಂಬಿ ಬಡಿದಿರಬಹುದು ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡೆ. ಆದರೆ ಕುರ್ಚಿಯಿಂದ ಕೈ ಚಾಚಿದರೆ ಕಾಲ್ದೆಸೆ ಸಿಗುವುದಿಲ್ಲ, ನನ್ನ ಬೆರಳಲ್ಲಿ ಉಂಗುರವಿಲ್ಲ. ಅದೆಲ್ಲ ಹೋಗಲಿ, ಹಾಡು ಎಲ್ಲಿ ನಿಂತು ಎಲ್ಲಿ ಶುರುವಾಗುತ್ತದೆಂದು ನನಗೆ ಬಾಯಿಪಾಠವಾಗಿತ್ತು. ಅಲ್ಲಿ ಬೇಸ್ತು ಬಿದ್ದವರು ಯಾರೋ, ಅವರು ಆ ಹಾಡನ್ನು ಮೊದಲ ಸಲ ಕೇಳುತ್ತಿದ್ದರು.

ಶ್ರೀಕಂಠ ಈಗ ಕೆಂಗೇರಿಯಲ್ಲಿದ್ದಾನೆ, ಮೊಮ್ಮಕ್ಕಳಿದ್ದಾರೆ. ನಾನೂ ಮೋಹನನೂ ಅವನನ್ನು ಬಿಟ್ಟು ಕೇಳಿದೆವೆಂದು ಈಗಲೂ ಒಮ್ಮೊಮ್ಮೆ ಚುಚ್ಚುತ್ತಾನೆ. ಕ್ಯಾಸೆಟ್ಟು ನನ್ನ ಬೀರುವಿನಲ್ಲಿದೆ. ಹಾಕಲು ಮನೆಯಲ್ಲಿ ಯಂತ್ರವಿಲ್ಲ. ಇದ್ದರೂ ಹಾಕುತ್ತಿದ್ದೆನೋ ಇಲ್ಲವೋ.

ಶ್ರೀಕಂಠನ ಜೊತೆ ನಕಲು ಕೇಳಿದ ಆ ಭಾನುವಾರದ್ದು ಇನ್ನೊಂದು ಸ್ವಲ್ಪ ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಹಾಡು ನಿಜವಾಗಿ ಮುಗಿಯಿತು. ಜನರ ಗದ್ದಲದ ಮೇಲೆ ಕಂಬಿ ಮತ್ತೆ ಎರಡು ಸಲ ಬಡಿಯಿತು, ಈ ಸಲ ನಿಧಾನವಾಗಿ, ಬಿಡಿಬಿಡಿಯಾಗಿ. ಅದಾದ ಕೂಡಲೇ ಕುರ್ಚಿ ಹಿಂದಕ್ಕೆ ಎಳೆದ ಸದ್ದು, ನಾಲ್ಕು ಹೆಜ್ಜೆ, ಗುಂಡಿ ಒತ್ತಿದ ಸದ್ದು. ಅದು ನಾನು, ನಕಲು ಮಾಡಿದ ದಿನ.

"ಇನ್ನೊಂದ್ಸಲ ಹಾಕು ಅಂತ ಕೇಳಿದಾನಲ್ಲೋ," ಅಂದ ಶ್ರೀಕಂಠ. "ಹಾಕ್ದಾ?"

"ಇಲ್ಲ."

"ಯಾಕೋ?"

"ನಂಗೆ ಕೇಳಿಸ್ಲಿಲ್ಲ ಕಣೋ," ಅಂದೆ. ಅವತ್ತು ಅವನಿಗೆ ನಾನು ಹೇಳಿದ್ದರಲ್ಲಿ ಅದೊಂದು ನಿಜ.